ಬೈದು ಹೇಳೋರೆಲ್ಲ ಬದುಕೋಕೇ ಹೇಳ್ತಾರಾ?

‘ಬೈದು ಹೇಳೋರು ಬದುಕೋಕೆ ಹೇಳ್ತಾರೆ, ನಗ್ತಾ ಹೇಳೋರು ಕೆಡೋಕೆ ಹೇಳ್ತಾರೆ.’ ನಮ್ಮ ಕಡೆ ಹುಟ್ಟಿದ ಯಾರಿಗೂ ಈ ಗಾದೆಯನ್ನ ಹೊಸದಾಗಿ ಹೇಳಿಕೊಡಬೇಕಿಲ್ಲ. ಗುಬ್ಬಿಯ ನಮ್ಮ ಮನೆಯಲ್ಲಂತೂ ಅದು ಉಪ್ಪಿನಕಾಯಿ ಇದ್ದ ಹಾಗೆ, ದಿನಾ ಬಡಿಸಲೇಬೇಕು. ಅಪ್ಪ ಬೈದರೆ ಅಮ್ಮ ಇದನ್ನ ಹೇಳೋಳು. ಮೇಷ್ಟ್ರು ಬೈದರೆ ಅಪ್ಪ ಹೇಳೋರು. ಅಮ್ಮ ಬೈದರೆ ಅಮ್ಮನೇ ಹೇಳಿಕೊಳ್ಳೋಳು.

ಈ ಗಾದೆ ಆಫೀಸಿಗೂ ಹೊಂದುತ್ತಾ ಅಂತ ಕೂತು ಯೋಚಿಸಬೇಕಾದ ಸಂದರ್ಭ ನನಗೆ ಹೋದ ವರ್ಷ ಬಂತು. ಬರೀತಿರೋದು ಯಾಕಂದ್ರೆ, ನಿಮ್ಮಲ್ಲಿ ಎಷ್ಟೋ ಜನ ಈಗ ಮೆಟ್ರೋದಲ್ಲೋ ಕ್ಯಾಬಲ್ಲೋ ಕೂತು ಇದನ್ನ ಓದ್ತಾ, ಬೆಳಗ್ಗೆ ಮ್ಯಾನೇಜರ್ ಅಂದ ಒಂದೇ ಒಂದು ಮಾತನ್ನ ತಲೆಯೊಳಗೆ ತಿರುಗಿಸ್ತಾ ಇರ್ತೀರ. ನನಗೆ ಗೊತ್ತು. ನಾನೂ ಅದೇ ರೈಲಿನ ಪ್ರಯಾಣಿಕಳು.

ನಾನು ಓದಿದ್ದು ತುಮಕೂರಲ್ಲೇ, ಮನೆ ಮಾಡಿರೋದೂ ತುಮಕೂರಲ್ಲೇ. ಬೆಂಗಳೂರಿಗೆ 70 ಕಿಲೋಮೀಟರ್. ವಾರದಲ್ಲಿ 3 ದಿನ ಆಫೀಸು, ಉಳಿದಿದ್ದು ಮನೆಯಿಂದ. ತಿಂಗಳ ಪಾಸು, ಟಿಫಿನ್ ಬ್ಯಾಗು, ಸೀಟಿಗೆ ಕರ್ಚೀಫು, ಎಲ್ಲ ಅಭ್ಯಾಸ ಆಗಿದೆ. ಕೆಲಸ ಏನು ಅಂದ್ರೆ, ಒಂದು ದಿನದಲ್ಲಿ ನಡೆದ ಹಣದ ವಹಿವಾಟಿನ ಎರಡು ಕಡೆಯ ಲೆಕ್ಕವನ್ನ ರಾತ್ರಿ ಹೊತ್ತು ತಾಳೆ ನೋಡುವ ಪ್ರೋಗ್ರಾಂಗಳು. ರಾತ್ರಿ 1 ಗಂಟೆಗೆ ಶುರುವಾಗಿ 3ಕ್ಕೆ ಮುಗೀಬೇಕು, ಬೆಳಗ್ಗೆ ಗ್ರಾಹಕರಿಗೆ ವರದಿ ಹೋಗಬೇಕು.

ಒಂದು ಮಂಗಳವಾರ ಅದು ಬೆಳಗ್ಗೆ 9.30ಕ್ಕೆ ಮುಗೀತು. ಹಿಂದಿನ ದಿನ ಇನ್ನೊಂದು ತಂಡದವರು ಹೊಸ ಗ್ರಾಹಕರ ಡೇಟಾವನ್ನೂ ಅದೇ ಸಾಲಿಗೆ ಸೇರಿಸಿದ್ದರು. ನಮ್ಮ ತಂಡಕ್ಕೆ ಸುದ್ದಿ ಇರಲಿಲ್ಲ. 2 ಗಂಟೆ ಕೆಲಸ ಎಂಟೂವರೆ ಗಂಟೆ ಹಿಡೀತು. 11ಕ್ಕೆ ಕಾಲ್. 14 ಜನ. ನಾನು ಡೇಟಾ ಯಾವಾಗ ಬಂತು, ಎಷ್ಟು ಬಂತು ಅಂತ ಹೇಳೋಕೆ ಶುರು ಮಾಡಿದ್ದೇ ತಡ, ನಮ್ಮ ಮ್ಯಾನೇಜರ್ ಮಧ್ಯಕ್ಕೆ ಬಂದರು. ಅವರು ಅಂದಿದ್ದು ಇಂಗ್ಲಿಷಲ್ಲಿ. ಕನ್ನಡದಲ್ಲಿ ಹೇಳೋದಾದ್ರೆ ಹೀಗೆ: ‘ಇದು ಡಿಸೈನಾ? ನಿಧಾನ ಆದಾಗ ಒಂದು ಅಲರ್ಟ್ ಕೂಡ ಇಲ್ಲ. ನಿಮಗೆ ಡಿಗ್ರಿ ಕೊಟ್ಟಿದ್ದು ಯಾವ ಕಾಲೇಜು ರೀ? ಓಹ್, ತುಮಕೂರು ಅಲ್ವಾ! ದಿನಾ ರೈಲಲ್ಲಿ ಓಡಾಡ್ತಾ ಕೂತರೆ ಇನ್ನೇನಾಗುತ್ತೆ.’

ಯಾರೋ ಇಬ್ಬರು ನಕ್ಕರು. ಉಳಿದವರ ಮೈಕು ಆಫ್.

ಆ ಡಿಸೈನನ್ನ 8 ತಿಂಗಳ ಹಿಂದೆ ನೋಡಿ ಒಪ್ಪಿಗೆ ಕೊಟ್ಟವರಲ್ಲಿ ಅವರೂ ಒಬ್ಬರು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೆ ಅಂಥ ಹೊತ್ತಲ್ಲಿ ಬಾಯಿ ಒಣಗುತ್ತೆ, ಕಿವಿ ಬಿಸಿಯಾಗುತ್ತೆ, ಗೊತ್ತಿರೋದೆಲ್ಲ ಎಲ್ಲೋ ಹೋಗಿ ಕೂರುತ್ತೆ. ಅಪ್ರೈಸಲ್‌ಗೆ 3 ವಾರ ಇತ್ತು. ಮನೆ ಸಾಲದ ಕಂತು ಪ್ರತಿ ತಿಂಗಳ 5ನೇ ತಾರೀಖು. ನೋಟಿಸ್ ಪೀರಿಯಡ್ 90 ದಿನ. ತಲೆ ಮೊದಲು ಲೆಕ್ಕ ಹಾಕಿದ್ದು ಇದನ್ನೇ. ಮರ್ಯಾದೆಯ ಸರದಿ ಬಂದಿದ್ದು ಆಮೇಲೆ.

‘ಡೇಟಾ ಬಂದ ಹೊತ್ತು, ಗಾತ್ರ, ಎರಡನ್ನೂ ನಾಳೆ ಬೆಳಗ್ಗೆ ಬರೆದು ಕಳಿಸ್ತೀನಿ’ ಅಂದೆ. ಅಷ್ಟೇ ಅಂದಿದ್ದು.

ಸಂಜೆ ಫೋನಲ್ಲಿ ಅಮ್ಮ ಗಾದೆ ಹೇಳಿದಳು. ನಮ್ಮನೆಯವರು ‘ಬಿಟ್ಟಾಕು’ ಅಂದರು. ಕಾಲೇಜಿನ ಗೆಳತಿ ‘ಪೇಪರ್ ಹಾಕು’ ಅಂದಳು. ಇನ್‌ಸ್ಟಾಗ್ರಾಂ ರೀಲುಗಳು ಬಂದು (ಇವಕ್ಕೆ ನಮ್ಮ ಕಷ್ಟ ಹೇಗೆ ಗೊತ್ತಾಗುತ್ತೋ) ‘ಮೌನವೇ ಉತ್ತರ’ ಅಂತ ಒಂದು, ‘ಅಲ್ಲೇ ತಿರುಗಿಸಿ ಕೊಡು’ ಅಂತ ಇನ್ನೊಂದು. ಬಾಯಿ ಮುಚ್ಚಿಕೊಂಡವಳ ಮೇಲೆ ಮುಂದಿನ ಸಲ ಇನ್ನೂ ಸಲೀಸಾಗಿ ಹರಿಹಾಯ್ತಾರೆ. 14 ಜನರ ಮುಂದೆ ತಿರುಗಿಸಿ ಕೊಟ್ಟರೆ ಆ ಕ್ಷಣಕ್ಕೆ ಚೆಂದ, ಆದರೆ ಮಾತು ಡೇಟಾದಿಂದ ಜಗಳಕ್ಕೆ ಹೊರಳಿ ಬಿಡುತ್ತೆ. ಆಮೇಲೆ ಡೇಟಾ ಯಾವಾಗ ಬಂತು ಅನ್ನೋದು ಯಾರಿಗೂ ಬೇಡ.

ರಾತ್ರಿ ನಾನು ಮಾಡಿದ ಕೆಲಸ ತುಂಬ ಸಣ್ಣದು. ಹಳೇ ಡೈರಿಯ ಒಂದು ಹಾಳೆಗೆ ಮಧ್ಯ ಗೆರೆ ಎಳೆದು, ಅವರು ಅಂದ ಒಂದೊಂದು ಮಾತನ್ನೂ ಬರೆದೆ. ಕೆಲಸದ ಬಗ್ಗೆ ಅಂದಿದ್ದು ಎಡಕ್ಕೆ, ನನ್ನ ಬಗ್ಗೆ ಅಂದಿದ್ದು ಬಲಕ್ಕೆ. ಎಡಕ್ಕೆ ಬಂದಿದ್ದು ಎರಡು: ವರದಿ ತಡ ಆಯ್ತು, ನಿಧಾನ ಆದಾಗ ಅಲರ್ಟ್ ಬರೋ ವ್ಯವಸ್ಥೆ ಇಲ್ಲ. ಬಲಕ್ಕೆ ಎರಡು: ಕಾಲೇಜು, ರೈಲು.

ತಲೆಯೊಳಗೆ ಈ ನಾಲ್ಕೂ ಒಂದೇ ಉಂಡೆಯಾಗಿ ಕೂತಿದ್ದವು. ಕಾಗದಕ್ಕೆ ಬಂದ ಮೇಲೆ ಬೇರೆಬೇರೆ ಆದವು. ಅಲರ್ಟ್ ಅನ್ನೋದು ಆ ಪ್ರಾಜೆಕ್ಟಿನ ಕೆಲಸದ ಪಟ್ಟಿಯಲ್ಲೇ ಇರಲಿಲ್ಲ, ಯಾರೂ ಕೇಳಿರಲಿಲ್ಲ. ಆದರೂ ಈಗ ಬೇಕು ಅನ್ನೋದು ಹೌದಾದ ಮಾತು. ಬೈದವರು ಯಾರೇ ಇರಲಿ, ಮಾತು ಸರಿ ಇದ್ದರೆ ಸರಿ. ಕಾಲೇಜಿನ ಮಾತಿಗೆ ನಾನು ಏನು ಮಾಡೋಕಾಗುತ್ತೆ? ಇನ್ನೊಂದು ಸಲ ಬಿ.ಇ. ಮಾಡಲಾ? ಮಾಡೋಕೆ ಏನೂ ಇಲ್ಲದ ಮಾತನ್ನ ವಿಮರ್ಶೆ ಅಂತ ಕರೆಯೋದೇ ತಪ್ಪು ಅಂತ ನನಗೆ ಅವತ್ತು ಅನ್ನಿಸ್ತು.

ಗಾದೆಯ ವಿಷಯಕ್ಕೆ ಬರ್ತೀನಿ. ನಮ್ಮೂರಲ್ಲಿ ಅದಕ್ಕೆ ದೊಡ್ಡ ಸಾಕ್ಷಿ ಅಂತ ಒಂದಿದೆ, ಗುಬ್ಬಿ ಕಂಪನಿ. ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ಶುರುವಾಗಿದ್ದು 1884ರಲ್ಲಿ, ವೀರಣ್ಣನವರು ಹುಟ್ಟೋಕೂ 7 ವರ್ಷ ಮುಂಚೆ. ಆಮೇಲೆ ಅವರ ಹೆಸರೇ ಕಂಪನಿಗೆ ಅಂಟಿಕೊಳ್ತು. ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದ ‘ಕುರುಕ್ಷೇತ್ರ’ದ ಕಥೆ ಕೇಳದ ಗುಬ್ಬಿಯ ಮಗು ಇಲ್ಲ. ಡಾ. ರಾಜಕುಮಾರ್ ಅಲ್ಲಿ ಪಳಗಿದವರು, ಅವರ ತಂದೆ ಪುಟ್ಟಸ್ವಾಮಯ್ಯನವರೂ ಅಲ್ಲಿ ನಟರು. ಜಿ.ವಿ. ಅಯ್ಯರ್, ಬಿ.ವಿ. ಕಾರಂತ, ಎಲ್ಲ ಆ ಚಪ್ಪರದ ಕೆಳಗೆ ಬೆಳೆದವರು. ‘ಅವರೆಲ್ಲ ಬೈಸಿಕೊಂಡೇ ಕಣಮ್ಮ ಅಷ್ಟು ದೊಡ್ಡೋರಾಗಿದ್ದು’ ಅಂತ ನಮ್ಮ ಬೀದಿಯ ಹಿರಿಯರೊಬ್ಬರು ಹೇಳ್ತಾನೇ ಇರ್ತಿದ್ದರು. ಮಾತು ತಪ್ಪಿದ ಹುಡುಗನಿಗೆ ಮೇಷ್ಟ್ರು ಏನು ಮಾಡ್ತಿದ್ದರು ಅನ್ನೋದನ್ನ ಅಭಿನಯ ಮಾಡಿಯೇ ತೋರಿಸೋರು.

ಕಾರಂತರ ಕಥೆಯನ್ನೇ ನೋಡಿ. ಬಂಟ್ವಾಳದ ಕಡೆಯ ಬಾಬುಕೋಡಿಯ ಹುಡುಗ, ಮನೆ ಬಿಟ್ಟು ಬಂದು ಕಂಪನಿ ಸೇರಿದವರು. ಕಂಪನಿ ಅಂದ್ರೆ ಬರೀ ಕೆಲಸದ ಜಾಗ ಅಲ್ಲ. ಕಲಾವಿದರ ಊಟ, ವಾಸ ಎಲ್ಲ ಒಟ್ಟಿಗೇ, ಕ್ಯಾಂಪ್ ಹೋದಲ್ಲಿ ಎಲ್ಲರೂ ಹೋಗಬೇಕು. ಆ ಹುಡುಗನನ್ನ ಓದೋಕೆ ಅಂತ ಬನಾರಸ್‌ಗೆ ಕಳಿಸಿದ್ದು ವೀರಣ್ಣನವರು. ಆ ಹುಡುಗ ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, ‘ಚೋಮನ ದುಡಿ’ ಸಿನಿಮಾ ಮಾಡಿದರು, ಮೈಸೂರಲ್ಲಿ ರಂಗಾಯಣ ಕಟ್ಟಿದರು.

ನಾನು ಕೇಳೋದು ಇಷ್ಟೇ. ಇದರಲ್ಲಿ ಕಾರಂತರನ್ನ ಬೆಳೆಸಿದ್ದು ಯಾವುದು, ಬೈಗುಳವಾ, ಬನಾರಸ್‌ನ ಖರ್ಚಾ? ಅನ್ನ ಹಾಕಿ, ಪಕ್ಕದಲ್ಲಿ ಮಲಗಿಸಿಕೊಂಡು, ನಾಳೆ ಇವನು ಚೆನ್ನಾಗಿ ಮಾಡದಿದ್ದರೆ ನನ್ನ ನಾಟಕವೇ ಬೀಳುತ್ತೆ ಅನ್ನೋ ಮನುಷ್ಯ ಬೈದರೆ, ಅವನ ಪಾಲೂ ಆ ಬೈಗುಳದಲ್ಲಿ ಇರುತ್ತೆ. ನಮ್ಮ ಆಫೀಸಲ್ಲಿ ಹಾಗಿಲ್ಲ. ಮ್ಯಾನೇಜರ್ ಮುಂದಿನ ಮಾರ್ಚಿಗೆ ಬೇರೆ ಕಂಪನಿ. ನಾನೂ ಹಾಗೇ ಅನ್ನಿ. ಗಾದೆಯ ಮೊದಲರ್ಧದ ಬೈಗುಳವನ್ನ ಮಾತ್ರ ನಾವು ಆಫೀಸಿಗೆ ತಗೊಂಡು ಹೋಗಿದ್ದೀವಿ, ‘ಬದುಕೋಕೆ’ ಅನ್ನೋದನ್ನ ಊರಲ್ಲೇ ಬಿಟ್ಟಿದ್ದೀವಿ.

ಇದರ ಇನ್ನೊಂದು ಮುಖ ತೋರಿಸಿದ್ದು ನಮ್ಮ ಮಾವ.

ನಮ್ಮನೆಯವರ ಊರು ಕುಣಿಗಲ್. ಮಾವ ಅಲ್ಲಿ 30 ವರ್ಷದಿಂದ ಗ್ಯಾರೇಜ್ ನಡೆಸ್ತಿದ್ದಾರೆ. ಟ್ರ್ಯಾಕ್ಟರು, ಟೆಂಪೋ, ಅಪರೂಪಕ್ಕೆ ಲಾರಿ. ಆ ವಾರ ಹಬ್ಬ ಇತ್ತು ಅಂತ ಭಾನುವಾರ ಹೋಗಿದ್ವಿ. ಕೆರೆ ಏರಿ ಮೇಲೆ ಒಂದು ಸುತ್ತು ಹೊಡೆದು ಬಂದು, ಅತ್ತೆ ಕೊಟ್ಟ ಕಾಫಿ ತಗೊಂಡು ಗ್ಯಾರೇಜಿಗೆ ಹೋದೆ. ಕುಣಿಗಲ್ ಅಂದ್ರೆ ಹೊರಗಿನವರಿಗೆ ಟಿಪ್ಪು ಕಾಲದಿಂದ ಹೆಸರಾದ ಕುದುರೆ ಫಾರಂ ನೆನಪಾಗುತ್ತೆ. ನನಗೆ ನೆನಪಾಗೋದು ಗ್ರೀಸು ವಾಸನೆ.

ಮಾವನ ಬಾಯಿ ಬಲು ಜೋರು. ಅವತ್ತೂ ಒಬ್ಬ ಹುಡುಗನ ಮೇಲೆ ಎಗರಾಡ್ತಿದ್ದರು. ‘ನಿನ್ನ ಮನೆ ಕಾಯ್ವಾಗ! ನಟ್ ಅಡ್ಡ ಕೂತೈತೆ, ಅದಕ್ಕೇ ಸ್ಪ್ಯಾನರ್ ಹಾಕಿ ಬಲವಂತ ಮಾಡ್ತೀಯಲ್ಲೋ, ಥ್ರೆಡ್ ಹೋದ್ರೆ ನಿಮ್ಮಪ್ಪ ತಂದ್ಕೊಡ್ತಾನಾ? ತೆಗಿ. ಮೊದ್ಲು ಕೈಯಾಗೆ ಎರಡು ಸುತ್ತು ತಿರುಗ್ಸು. ಸಲೀಸಾಗಿ ಹತ್ತೈತಾ? ಹಾ, ಈಗ ಹಾಕು ಸ್ಪ್ಯಾನರ್.’

ನನಗೆ ಆಸಕ್ತಿ ಹುಟ್ಟಿದ್ದು ಕೊನೇ ಮೂರು ವಾಕ್ಯದ ಮೇಲೆ. ಬೈಗುಳ ಮುಗಿಯೋಕೆ ಮುಂಚೆ ಆ ಹುಡುಗನಿಗೆ ಮುಂದೆ ಏನು ಮಾಡಬೇಕು ಅನ್ನೋದು ಸಿಕ್ಕಿತ್ತು. ನಮ್ಮ ಮ್ಯಾನೇಜರ್ ಮಾತಲ್ಲಿ ಹುಡುಕಿದರೆ ಅಂಥದ್ದು ಒಂದೇ ಒಂದು ಎಳೆ, ಆ ಅಲರ್ಟ್.

ಹುಡುಗ ಊಟಕ್ಕೆ ಹೋದ ಮೇಲೆ ಮಾವನ ಹತ್ತಿರ ವಿಷಯ ಹೇಳಿದೆ. ಅವರೂ ಗಾದೆ ಹೇಳ್ತಾರೆ ಅಂತಲೇ ಅಂದುಕೊಂಡಿದ್ದೆ. ಹೇಳಲಿಲ್ಲ. ಬೀಡಿ ಹಚ್ಚೋಕೆ ಹೋಗಿ, ಸೊಸೆ ಎದುರು ಬೇಡ ಅಂತಲೋ ಏನೋ ಮತ್ತೆ ಜೇಬಿಗೆ ಹಾಕಿಕೊಂಡು ಅಂದರು: ‘ನಮ್ಮ ಉಸ್ತಾದ್ ಕೈಯಾಗಿದ್ದ ಸ್ಪ್ಯಾನರ್‌ನಲ್ಲೇ ಹೊಡೀತಿದ್ದ ಕಣಮ್ಮ. ನಾವು 10 ಜನ ಇದ್ವಿ. ಉಳ್ಕೊಂಡಿದ್ದು ನಾನು, ಇನ್ನೊಬ್ಬ. ನಾನೀಗ ಏಟು ತಿಂದು ಕಲ್ತೆ ಅಂತ ಹೇಳ್ಕೋಬೋದು. ಏಟು ತಿಂದು ಓಡೋದ್ರಲ್ಲ 8 ಜನ, ಅವರು ಏನು ಕಲ್ತರು? ಅವರನ್ನ ಯಾರು ಕೇಳವ್ರೆ?’

ಎಂಜಿನಿಯರಿಂಗ್‌ನಲ್ಲಿ ಸಂಖ್ಯಾಶಾಸ್ತ್ರದ ಒಂದು ಇಡೀ ಪೇಪರ್ ಬರೆದಿದ್ದೀನಿ. ಉಳಿದವರನ್ನ ಮಾತ್ರ ಎಣಿಸಿದರೆ ಲೆಕ್ಕ ತಪ್ಪುತ್ತೆ ಅನ್ನೋದನ್ನ ಇಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲ. ಗುಬ್ಬಿ ಕಂಪನಿಯ ವಿಷಯದಲ್ಲೂ ನಮಗೆ ಗೊತ್ತಿರೋದು ರಾಜಕುಮಾರ್, ಕಾರಂತರ ಕಥೆ. ಯಾವ ನಾಟಕ ಕಂಪನಿಯಿಂದಲಾದರೂ ಒಂದು ರಾತ್ರಿ ಗಂಟು ಕಟ್ಟಿಕೊಂಡು ಊರಿಗೆ ಹೋದ ಹುಡುಗರ ಆತ್ಮಕಥೆ ಯಾರೂ ಬರೆದಿಲ್ಲ.

ನಮ್ಮ ಕ್ಷೇತ್ರದಲ್ಲೇ ಇದರ ದೊಡ್ಡ ಉದಾಹರಣೆ ಒಂದು ಇದೆ. ಲಿನಕ್ಸ್ ಗೊತ್ತಲ್ವಾ, ನಿಮ್ಮ ಕೈಯಲ್ಲಿರೋ ಆಂಡ್ರಾಯ್ಡ್ ಫೋನಿನ ಒಳಗೆ ಓಡ್ತಿರೋದೂ ಅದೇ ಕರ್ನಲ್. ಅದನ್ನ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಬುದ್ಧಿವಂತಿಕೆಗೆ ಎಷ್ಟು ಹೆಸರುವಾಸಿಯೋ, ಕೋಡ್ ಸರಿ ಇಲ್ಲದಾಗ ಎಲ್ಲರಿಗೂ ಕಾಣೋ ಮೇಲಿಂಗ್ ಲಿಸ್ಟಿನಲ್ಲೇ ಬರೆದವರ ಜನ್ಮ ಜಾಲಾಡೋದಕ್ಕೂ ಅಷ್ಟೇ ಹೆಸರುವಾಸಿ. ಯುಎಸ್‌ಬಿ 3.0 ಭಾಗ ನೋಡಿಕೊಳ್ತಿದ್ದ ಸೇಜ್ ಶಾರ್ಪ್ 2013ರಲ್ಲಿ, ಇದನ್ನ ನಿಲ್ಲಿಸಿ ಅಂತ ಅದೇ ಲಿಸ್ಟಿನಲ್ಲಿ ನೇರವಾಗಿ ಬರೆದರು. ಆಗ ಲಿನಸ್ ಒಪ್ಪಲಿಲ್ಲ, ನಾನಿರೋದೇ ಹೀಗೆ ಅನ್ನೋ ಅರ್ಥದಲ್ಲಿ ಮಾತಾಡಿದರು. 2015ರ ಹೊತ್ತಿಗೆ ಸೇಜ್ ಶಾರ್ಪ್ ಕರ್ನಲ್ ಕೆಲಸದಿಂದಲೇ ಹೊರಗೆ ಹೋಗಿದ್ದರು. ಅಲ್ಲಿಂದ 3 ವರ್ಷ ಆದ ಮೇಲೆ, 2018ರ ಸೆಪ್ಟೆಂಬರ್ 16ರಂದು, ಲಿನಸ್ ಸ್ವತಃ ಕ್ಷಮೆ ಕೇಳಿ ಮೇಲ್ ಹಾಕಿದರು. ಜನರ ಭಾವನೆ ಅರ್ಥ ಮಾಡಿಕೊಳ್ಳೋಕೆ ಸಹಾಯ ತಗೊಳ್ತೀನಿ ಅಂತ ಹೇಳಿ ಕೆಲವು ವಾರ ರಜೆ ಹೋದರು. ಕರ್ನಲ್‌ಗೆ ಹೊಸ ನಡತೆಯ ನಿಯಮಾವಳಿ ಬಂತು.

ಬೈಯೋದು ನಿಂತರೆ ಗುಣಮಟ್ಟ ಬೀಳುತ್ತೆ ಅಂತ ಆಗ ಎಷ್ಟೋ ಜನ ಭಯಪಟ್ಟರು. ಆಮೇಲೂ ಕರ್ನಲ್ ಬರ್ತಾನೇ ಇದೆ, ಫೋನ್ ಓಡ್ತಾನೇ ಇದೆ.

ಸರಿ, ನನ್ನ ವಿಷಯಕ್ಕೆ. ಕಾಲ್ ಆದ ಮಾರನೇ ಬೆಳಗ್ಗೆ 9ಕ್ಕೆ ಮೇಲ್ ಕಳಿಸಿದೆ. ರಾತ್ರಿ 11ಕ್ಕೆ ಒಂದು ಬರೆದಿದ್ದೆ, ಅದು ಡ್ರಾಫ್ಟಿನಲ್ಲೇ ಇದೆ, ಬರೆಯೋವಾಗ ಸುಖವಾಗಿತ್ತು. ಬೆಳಗಿನದು 11 ಸಾಲು. ಸೋಮವಾರ ಸಂಜೆ ಎಷ್ಟು ಗಂಟೆಗೆ ಹೊಸ ಡೇಟಾ ಸೇರಿತು, ದಿನದ ಸಾಲುಗಳ ಸಂಖ್ಯೆ ಎಷ್ಟಿದ್ದಿದ್ದು ಎಷ್ಟಾಯ್ತು, ಡಿಸೈನ್ ಯಾವ ಅಳತೆಗೆ ಒಪ್ಪಿಗೆ ಆಗಿತ್ತು, ಒಪ್ಪಿಗೆಯ ತಾರೀಖು, ಅದರ ಲಿಂಕು. ಆಮೇಲೆ: ‘ಅಲರ್ಟ್ ಬೇಕು ಅನ್ನೋದನ್ನ ಒಪ್ತೀನಿ. ಅರ್ಧ ಗಂಟೆ ತಡವಾದರೆ ತಂಡಕ್ಕೆ ಸಂದೇಶ ಹೋಗುವ ವ್ಯವಸ್ಥೆಯನ್ನ ಶುಕ್ರವಾರದೊಳಗೆ ಹಾಕ್ತೀನಿ. ಹೊಸ ಡೇಟಾ ಸೇರಿಸುವ ಮುಂಚೆ ನಮ್ಮ ತಂಡದ ಒಪ್ಪಿಗೆ ಬೇಕು ಅನ್ನೋ ನಿಯಮ ಮಾಡೋಣ.’ ಕಾಲ್‌ನಲ್ಲಿದ್ದ 14 ಜನಕ್ಕೂ ಕಾಪಿ. ಬೈದಿದ್ದು ಎಲ್ಲರ ಮುಂದೆ ಆದ್ದರಿಂದ ಲೆಕ್ಕವೂ ಎಲ್ಲರ ಮುಂದೆಯೇ ಇರಲಿ ಅಂತ.

ಗಮನಿಸಿ, ಅದರಲ್ಲಿ ಬೇಸರದ ಮಾತು ಒಂದೂ ಇರಲಿಲ್ಲ. ಹಾಳೆಯ ಎಡಭಾಗಕ್ಕೆ ಮಾತ್ರ ಉತ್ತರ. ಎರಡನ್ನೂ ಒಂದೇ ಮೇಲ್‌ನಲ್ಲಿ ಹಾಕಿದ್ದರೆ ಓದುವವರು ಬೇಸರವನ್ನ ಮಾತ್ರ ಓದ್ತಾರೆ. ‘ಅವಳು ತುಂಬಾ ಸೆನ್ಸಿಟಿವ್’ ಅನ್ನೋ ಒಂದು ಪದದಲ್ಲಿ ಇಡೀ ಲೆಕ್ಕ ಮುಗಿದು ಹೋಗುತ್ತೆ. ಹೆಣ್ಣುಮಕ್ಕಳಿಗೆ ಈ ಪದ ಚೆನ್ನಾಗಿ ಗೊತ್ತು.

ಬಲಭಾಗದ ಮಾತಿಗೆ ಕುಣಿಗಲ್‌ನಿಂದ ಬಂದ ಮೇಲೆ, ಮುಂದಿನ ವಾರ, ಪ್ರತ್ಯೇಕವಾಗಿ 15 ನಿಮಿಷ ಟೈಮ್ ಕೇಳಿದೆ. ಹೇಳಬೇಕಾದ್ದನ್ನ ಕ್ಯಾತ್ಸಂದ್ರ ದಾಟೋವಾಗ ಶುರು ಮಾಡಿ ಯಶವಂತಪುರದ ತನಕ ಮನಸ್ಸಲ್ಲೇ ಹೇಳಿಕೊಂಡೆ. ಎದುರು ಕೂತಿದ್ದ ಅಜ್ಜಿ ಇವಳಿಗೇನೋ ಆಗಿದೆ ಅಂದುಕೊಂಡಿರಬೇಕು, ಒಂದು ಬಾಳೆಹಣ್ಣು ಕೊಟ್ಟರು.

ಹೇಳಿದ್ದು ಇಷ್ಟು: ‘ಸರ್, ಕೆಲಸದ ಬಗ್ಗೆ ನೀವು ಹೇಳಿದ್ದಕ್ಕೆ ಮೇಲ್ ಹಾಕಿದ್ದೀನಿ. ಕಾಲೇಜಿನ ಮಾತು, ರೈಲಿನ ಮಾತು ಬೇರೆ. 14 ಜನರ ಮುಂದೆ ಅದನ್ನ ಅಂದಿದ್ದು ನನಗೆ ಸರಿ ಕಾಣಲಿಲ್ಲ. ನನ್ನ ಕೆಲಸದಲ್ಲಿ ಏನೇ ಕಂಡರೂ ಹೇಳಿ, ಎಷ್ಟು ಖಾರವಾಗಿ ಬೇಕಾದರೂ ಹೇಳಿ. ಊರು, ಕಾಲೇಜು ಬೇಡ.’

ಅವರು ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ನೋಡಿದರು. ‘ಕ್ಲೈಂಟ್ ಕಡೆಯಿಂದ ತುಂಬಾ ಪ್ರೆಶರ್ ಇತ್ತು’ ಅಂದರು. ‘ಗೊತ್ತು ಸರ್’ ಅಂದೆ. ಸಿನಿಮಾದಲ್ಲಾಗಿದ್ದರೆ ಇಲ್ಲಿ ಕ್ಷಮೆ ಕೇಳ್ತಿದ್ದರು. ಕೇಳಲಿಲ್ಲ. ‘ಓಕೆ, ನೋಟೆಡ್’ ಅಂದರು. ನಾನು ಎದ್ದು ಬಂದೆ. ಕೈ ಇನ್ನೂ ನಡುಗ್ತಿತ್ತು, ಕಾಫಿ ಮಷಿನ್ ಹತ್ತಿರ ಲೋಟ ಎರಡು ಸಲ ತಪ್ಪಿತು.

ಇದು ಎಲ್ಲರಿಗೂ ಸಾಧ್ಯವಿಲ್ಲ. ನನಗೆ 8 ವರ್ಷದ ಅನುಭವ ಇತ್ತು, ಕೆಲಸ ಹೋದರೂ ಕೆಲವು ತಿಂಗಳು ನಮ್ಮನೆಯವರ ಸಂಬಳದಲ್ಲಿ ಕಂತು ಕಟ್ಟಬಹುದಿತ್ತು. ಪ್ರೊಬೇಷನ್‌ನಲ್ಲಿರೋ ಹುಡುಗನಿಗೆ, ವೀಸಾ ಕಂಪನಿ ಕೈಯಲ್ಲಿರೋ ಗೆಳೆಯನಿಗೆ ‘ಧೈರ್ಯವಾಗಿ ಎದುರು ಹೇಳು’ ಅನ್ನೋದು ನಮಗೆ ಸುಲಭ. ಅಂಥವರು ಮಾಡಬಹುದಾದ್ದು ಒಂದಿದೆ. ತಾರೀಖು, ಹೊತ್ತು, ಅಂದ ಮಾತು, ಯಾರ ಎದುರು, ಇಷ್ಟನ್ನ ಅವತ್ತೇ ಬರೆದಿಡಿ. ಆಫೀಸಿನ ಲ್ಯಾಪ್‌ಟಾಪಿನಲ್ಲಲ್ಲ, ಸ್ವಂತ ಪುಸ್ತಕದಲ್ಲಿ. ಒಂದು ಸಲ ಆದದ್ದಾ, ಪ್ರತಿ ವಾರ ಆಗ್ತಿರೋದಾ ಅಂತ ನಿಮಗೇ ತಿಳಿಯುತ್ತೆ. ಮುಂದೆ ಯಾರಿಗಾದರೂ ತೋರಿಸಬೇಕಾದರೆ ‘ಯಾವಾಗಲೂ ಬೈತಾರೆ’ ಅನ್ನೋದಕ್ಕಿಂತ 4 ತಾರೀಖುಗಳಿಗೆ ತೂಕ ಜಾಸ್ತಿ.

ಯಾರಿಗೆ ತೋರಿಸೋದು ಅಂತ ಕೇಳ್ತೀರ. ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ 2014ರಲ್ಲಿ 5 ವರ್ಷಕ್ಕೆ ವಿನಾಯಿತಿ ಕೊಟ್ಟರು, 2019ರಲ್ಲಿ ಮತ್ತೆ ಮುಂದುವರಿಸಿದರು. ಆ ವಿನಾಯಿತಿ ಬಿಟ್ಟಿ ಸಿಕ್ಕಿದ್ದಲ್ಲ. ಆಡಳಿತದ ಕಡೆಯವರು, ನೌಕರರ ಕಡೆಯವರು ಸಮಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ ಇರಬೇಕು ಅನ್ನೋದು ಷರತ್ತುಗಳಲ್ಲಿ ಒಂದಾಗಿತ್ತು. ನನ್ನ ಜೊತೆ ಕೆಲಸ ಮಾಡೋ ಎಷ್ಟೋ ಜನಕ್ಕೆ ಅಂಥದ್ದೊಂದು ಇರುತ್ತೆ ಅನ್ನೋದೇ ಗೊತ್ತಿರಲಿಲ್ಲ. ಹ್ಯಾಂಡ್‌ಬುಕ್ಕಿನಲ್ಲಿ ಎಲ್ಲೋ ಮೂಲೆಯಲ್ಲಿ ಸಮಿತಿಯ ಇಮೇಲ್ ಇರುತ್ತೆ, ಹುಡುಕಿ ಇಟ್ಟುಕೊಳ್ಳಿ. ಇನ್ನು ಜಾತಿ ಹಿಡಿದು ಅವಮಾನ ಮಾಡಿದರೆ, ಹೆಣ್ಣು ಅಂತ ಅಸಹ್ಯವಾಗಿ ಮಾತಾಡಿದರೆ ಅದು ‘ಕಟು ವಿಮರ್ಶೆ’ ಅಲ್ಲವೇ ಅಲ್ಲ. ಮೊದಲನೆಯದಕ್ಕೆ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ ಇದೆ. ಎರಡನೆಯದಕ್ಕೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ, ಆಂತರಿಕ ಸಮಿತಿಗೆ 3 ತಿಂಗಳ ಒಳಗೆ ದೂರು ಕೊಡಬೇಕು. ಅಲ್ಲಿ ಹಾಳೆ ಮಧ್ಯೆ ಗೆರೆ ಎಳೆಯೋ ನನ್ನ ಉಪಾಯ ಉಪಯೋಗಕ್ಕೆ ಬರಲ್ಲ.

ಆಮೇಲೆ ಏನಾಯ್ತು? ಅಪ್ರೈಸಲ್ ಬಂತು, ಹೋಯ್ತು. ನಡುಮಧ್ಯದ ರೇಟಿಂಗ್. ಆ ಮಾತುಕತೆ ನಡೆಯದಿದ್ದರೆ ಹೆಚ್ಚು ಬರ್ತಿತ್ತಾ ಅಂತ ನಮ್ಮನೆಯವರು ಒಂದು ಸಲ ಕೇಳಿದರು. ಇರಬಹುದು. ಕಾಲೇಜಿನ ಮಾತು ಮಾತ್ರ ಮತ್ತೆ ಬರಲಿಲ್ಲ. ಈಗಲೂ ಬೈತಾರೆ, ಆದರೆ ನನ್ನ ಕೋಡಿನ 40ನೇ ಸಾಲನ್ನ ಬೈತಾರೆ. ಅದಕ್ಕೆ ನನ್ನ ತಕರಾರಿಲ್ಲ, 40ನೇ ಸಾಲನ್ನ ಸರಿ ಮಾಡಬಹುದು.

ಆದರೆ ಎರಡು ತಿಂಗಳು ಕಳೆದ ಮೇಲೆ ಅದೇ ಧಾಟಿ ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗನ ಮೇಲೆ ತಿರುಗಿತು. ತಿಪಟೂರಿನವನು, 22 ವರ್ಷ, ನನ್ನನ್ನ ಅಕ್ಕ ಅಂತಾನೆ. ‘ಇಷ್ಟೂ ಗೊತ್ತಿಲ್ಲದೆ ಇಂಟರ್‌ವ್ಯೂ ಪಾಸ್ ಹೇಗಾದೆ’ ಅಂತ ಶುರುವಾಯ್ತು. ಸ್ಕ್ರೀನಿನ ಸಣ್ಣ ಚೌಕದಲ್ಲಿ ಅವನ ಮುಖ ಕಾಣ್ತಿತ್ತು. ನಾನು ಮೈಕ್ ಆನ್ ಮಾಡಿ, ‘ಸರ್, ಇದನ್ನ ಇವತ್ತು ಮಧ್ಯಾಹ್ನ ಅವನ ಜೊತೆ ಕೂತು ನೋಡ್ತೀನಿ, 4 ಗಂಟೆಗೆ ನಿಮಗೆ ಹೇಳ್ತೀವಿ. ಮುಂದಿನ ವಿಷಯಕ್ಕೆ ಹೋಗೋಣ್ವಾ?’ ಅಂದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಮುಂದಿನ ವಿಷಯಕ್ಕೆ ಹೋದ್ವಿ. ಹೋದ ಸಲ ಮೈಕು ಆಫ್ ಮಾಡಿಕೊಂಡಿದ್ದ 11 ಜನರಲ್ಲಿ ಒಬ್ಬರು ಆಮೇಲೆ ನನಗೆ ಮೆಸೇಜ್ ಮಾಡಿ ‘ಒಳ್ಳೇದು ಮಾಡಿದ್ರಿ’ ಅಂದರು. ಓದಿ ಸುಮ್ಮನಾದೆ.

ಮಧ್ಯಾಹ್ನ ಕೂತಾಗ ಹುಡುಗ ಹೇಳಿದ: ಆ ತೊಂದರೆ ಅವನ ಕಣ್ಣಿಗೆ ಬಿದ್ದು ಎರಡು ದಿನ ಆಗಿತ್ತು. ಹೇಳಿದರೆ ಬೈತಾರೆ ಅಂತ ತಾನೇ ರಾತ್ರಿಯೆಲ್ಲ ಕೂತು ಸರಿ ಮಾಡೋಕೆ ನೋಡಿದ್ದ. ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ನರ್ಸಿಂಗ್ ತಂಡಗಳನ್ನ ನೋಡಿದಾಗ, ಒಳ್ಳೇ ತಂಡಗಳಲ್ಲೇ ಔಷಧಿಯ ತಪ್ಪುಗಳು ಹೆಚ್ಚು ವರದಿಯಾಗಿದ್ದು ಕಂಡು ಆಶ್ಚರ್ಯಪಟ್ಟಿದ್ದರಂತೆ. ಆಮೇಲೆ ಗೊತ್ತಾಗಿದ್ದು, ಅಲ್ಲಿ ತಪ್ಪು ಹೆಚ್ಚು ಆಗ್ತಿರಲಿಲ್ಲ, ಹೇಳಿಕೊಳ್ಳೋ ಧೈರ್ಯ ಹೆಚ್ಚಿತ್ತು. ನಮ್ಮ ತಂಡದಲ್ಲಿ ಬೈಗುಳದ ಬೆಲೆ ಆ ಎರಡು ದಿನ. ಆಸ್ಪತ್ರೆಯಾಗಿದ್ದರೆ?

ಈ ಲೆಕ್ಕವನ್ನ ಮಾತ್ರ ನಾನು ಮ್ಯಾನೇಜರ್‌ಗೆ 4 ಗಂಟೆಯ ಮೇಲ್‌ನಲ್ಲಿ ಒಂದು ಸಾಲಾಗಿ ಬರೆದೆ: ಇದು ಮಂಗಳವಾರವೇ ಕಂಡಿತ್ತು, ಹೇಳೋಕೆ ಹೆದರಿದ್ದರಿಂದ ನಮಗೆ ಗುರುವಾರ ಗೊತ್ತಾಯ್ತು. ಹುಡುಗನನ್ನ ಕೇಳಿಯೇ ಬರೆದಿದ್ದು. ಅದಕ್ಕೂ ಉತ್ತರ ಬರಲಿಲ್ಲ. ಆದರೆ ಮುಂದಿನ ಸೋಮವಾರದ ಕಾಲ್‌ನಲ್ಲಿ ಅವರು, ಏನಾದರೂ ಎಡವಟ್ಟು ಕಂಡರೆ ಮೊದಲು ಗ್ರೂಪಿನಲ್ಲಿ ಹಾಕಿ, ಕಾರಣ ಆಮೇಲೆ ನೋಡೋಣ ಅಂದರು. ಯಾಕೆ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೋದ ವಾರ ಬೆಳಗ್ಗೆ 10.40ಕ್ಕೆ ಆ ಹುಡುಗ ಗ್ರೂಪಿನಲ್ಲಿ ಬರೆದ: ‘ಒಂದು ಫೈಲ್ ಎರಡು ಸಲ ಓಡಿದೆ. ನಾನು ನಿನ್ನೆ ಮಾಡಿದ ಬದಲಾವಣೆಯಿಂದ ಇರಬಹುದು, ನೋಡ್ತಿದ್ದೀನಿ.’ 10.42ಕ್ಕೆ ಮ್ಯಾನೇಜರ್ ಕಡೆಯಿಂದ ಒಂದು ಹೆಬ್ಬೆರಳಿನ ಇಮೋಜಿ ಬಂತು. ಮಾತಿಲ್ಲ, ಬರೀ ಹೆಬ್ಬೆರಳು. ಅದರ ಅರ್ಥ ಏನಿರಬಹುದು ಅಂತ ನಾವಿಬ್ಬರೂ ಊಟದ ಹೊತ್ತಲ್ಲಿ ಅರ್ಧ ಗಂಟೆ ಚರ್ಚೆ ಮಾಡಿದ್ವಿ.